ಗ್ಯಾಸ್ ಅಂದುಕೊಂಡು ನಾಲ್ಕು ಗಂಟೆ ಕಳೆದೆವು. ನಿಮ್ಮ ಮನೆಯಲ್ಲಾದರೆ ಏನು ಮಾಡುತ್ತೀರಿ?

ಮಳೆಹನಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಸುಮಾರು ದಿನದಿಂದ ಇಲ್ಲಿ ಸುಮ್ನೆ ಓದುತ್ತಾ ಇದ್ದೆ. ಬರೆಯುತ್ತಿರುವುದು ಇದೇ ಮೊದಲು.

ಮೂರು ವಾರದ ಹಿಂದೆ ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಯಿತು. ವಯಸ್ಸು 61. ಬೆಳಗಿನ ಜಾವ ಮೂರೂವರೆಗೆ ಎದ್ದು ಮಂಚದ ಅಂಚಿನಲ್ಲಿ ಕೂತಿದ್ದರು. ಅಮ್ಮ ಲೈಟ್ ಹಾಕಿದಾಗ ಅಂಗೈಯನ್ನು ಎದೆ ನಡುವೆ ಅದುಮಿಕೊಂಡಿದ್ದರಂತೆ. "ನೋವಾ?" ಅಂದರೆ "ನೋವಲ್ಲ, ಕಲ್ಲು ಇಟ್ಟ ಹಾಗಿದೆ. ಗ್ಯಾಸ್ ಇರಬೇಕು" ಅಂದರು. ಗ್ಯಾಸಿನ ಸಿರಪ್ ಎರಡು ಮುಚ್ಚಳ ಕುಡಿದರು. ಒಂದು ತೇಗು ಬಂತು. ಅಷ್ಟಕ್ಕೇ ನಮಗೆಲ್ಲ ಇದು ಗ್ಯಾಸೇ ಅಂತ ಖಾತ್ರಿಯಾಗಿಬಿಟ್ಟಿತು.

ನಾನು ಎದ್ದು ಬಂದು ನೋಡಿದಾಗ ಬನಿಯನ್ ಒದ್ದೆಯಾಗಿ ಬೆನ್ನಿಗೆ ಅಂಟಿಕೊಂಡಿತ್ತು. ಫ್ಯಾನ್ ಜೋರಾಗಿ ತಿರುಗುತ್ತಿತ್ತು, ಸೆಖೆಯೇನೂ ಇರಲಿಲ್ಲ. ಅದನ್ನು ಕಂಡೂ ನಾನು ಮಾಡಿದ ಕೆಲಸ ಒಂದೇ, ಟವೆಲ್ ತಂದುಕೊಟ್ಟೆ. ಆ ಟವೆಲ್ ಈಗಲೂ ಕಣ್ಣಿಗೆ ಬಿದ್ದರೆ ಹೊಟ್ಟೆ ಕಿವುಚುತ್ತದೆ.

"ಬೆಳಗಾಗಲಿ, ನೋಡೋಣ" ಅಂದರು ಅಪ್ಪ. ಏಳೂವರೆಗೆ ಆಸ್ಪತ್ರೆ ಮುಟ್ಟಿದೆವು. ಇಸಿಜಿ ಕಾಗದ ಹೊರಗೆ ಬರುತ್ತಿದ್ದ ಹಾಗೇ ಅಲ್ಲಿದ್ದವರ ನಡಿಗೆ ಬದಲಾಯಿತು. ಹತ್ತು ನಿಮಿಷದೊಳಗೆ ಮೂರು ಜನ ಬೇರೆಬೇರೆಯಾಗಿ ಬಂದು ಒಂದೇ ಪ್ರಶ್ನೆ ಕೇಳಿದರು: "ಶುರುವಾಗಿದ್ದು ಎಷ್ಟು ಗಂಟೆಗೆ?" ಮೂರೂ ಸಲ ಅಮ್ಮ ನನ್ನ ಮುಖ ನೋಡಿದರು.

ಒಂದು ಸ್ಟೆಂಟ್ ಹಾಕಿದ್ದಾರೆ, ಮುಚ್ಚಿದ ರಕ್ತನಾಳ ತೆರೆದೇ ಇರಲಿ ಅಂತ ಒಳಗೆ ಕೂರಿಸುವ ಜಾಲರಿ ಕೊಳವೆ. ಈಗ ಮನೆಯಲ್ಲಿದ್ದಾರೆ. ಎಕೋ ಅನ್ನುವ ಹೃದಯದ ಸ್ಕ್ಯಾನ್‌ನಲ್ಲಿ ಇಎಫ್ 40 ಅಂತ ಬಂದಿದೆ. ಅಂದರೆ ಹೃದಯದ ಎಡ ಕೋಣೆ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ 40 ಪಾಲು ಮಾತ್ರ ಹೊರಗೆ ಹಾಕುತ್ತಿದೆಯಂತೆ. ಸಾಮಾನ್ಯವಾಗಿ 55ರ ಮೇಲೆ ಇರಬೇಕು.

ನನ್ನ ಪ್ರಶ್ನೆ ಇಷ್ಟೇ. ಗ್ಯಾಸ್ ಯಾವುದು, ಹಾರ್ಟ್ ಅಟ್ಯಾಕ್ ಯಾವುದು ಅಂತ ಮನೆಯಲ್ಲೇ ಹೇಗೆ ಗೊತ್ತು ಮಾಡಿಕೊಳ್ಳುವುದು?

ರಾತ್ರಿಪಾಳಿ

ಮಳೆಹನಿ ಅವರೇ, ನಾನು ತುರ್ತು ವಿಭಾಗದಲ್ಲಿ ನರ್ಸ್. ಈ ಕತೆ ನಮಗೆ ಹೊಸದಲ್ಲ. ಹೊತ್ತು ಬೇರೆಯಾಗುತ್ತದೆ, ಸಿರಪ್ ಬೇರೆಯಾಗುತ್ತದೆ, "ಬೆಳಗಾಗಲಿ" ಅನ್ನುವುದು ಮಾತ್ರ ಎಲ್ಲ ಮನೆಯಲ್ಲೂ ಒಂದೇ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಮನೆಯಲ್ಲಿ ಗೊತ್ತು ಮಾಡಿಕೊಳ್ಳಲು ಆಗುವುದಿಲ್ಲ. ನಮಗೂ ಮುಖ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೇ ಎದೆ ಅಂತ ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ತೆಗೆಯಬೇಕು ಅನ್ನುವ ನಿಯಮ ಇರುವುದು. ಹೃದಯದ ಕೆಳಭಾಗದ ಗೋಡೆಗೆ ಪೆಟ್ಟು ಬಿದ್ದರೆ ಹೊಟ್ಟೆಯ ಮೇಲ್ಭಾಗದಲ್ಲೇ ಸಂಕಟ ಆಗುತ್ತದೆ, ವಾಕರಿಕೆ ಬರುತ್ತದೆ, ತೇಗೂ ಬರಬಹುದು. ಸಿರಪ್ ಕುಡಿದು ಸ್ವಲ್ಪ ಹಗುರಾಯಿತು ಅನ್ನುವುದು ಯಾವುದಕ್ಕೂ ಸಾಕ್ಷಿ ಅಲ್ಲ.

ಆದರೂ ಕಾಯದೆ ಹೊರಡಲೇಬೇಕಾದ ಲಕ್ಷಣ ಕೆಲವು ಇವೆ. ಎದೆ ನಡುವೆ ಒತ್ತಿದ ಹಾಗೆ, ಹಿಂಡಿದ ಹಾಗೆ, ಭಾರ ಹೇರಿದ ಹಾಗೆ ಆಗಿ ಕೆಲವು ನಿಮಿಷ ಕಳೆದರೂ ಹೋಗದಿರುವುದು, ಇಲ್ಲವೇ ಹೋಗಿ ಮತ್ತೆ ಬರುವುದು. ಅದು ತೋಳಿಗೆ, ದವಡೆಗೆ, ಕುತ್ತಿಗೆಗೆ, ಬೆನ್ನಿಗೆ ಹರಡುವುದು. ಎಡ ತೋಳೇ ಆಗಬೇಕು ಅಂತೇನಿಲ್ಲ, ಬಲಕ್ಕೂ ಹೋಗುತ್ತದೆ, ಎರಡಕ್ಕೂ ಹೋಗುತ್ತದೆ. ಕಾರಣ ಇಲ್ಲದೆ ತಣ್ಣನೆಯ ಬೆವರು. ಉಸಿರು ಸಾಲದಂತಾಗುವುದು. ನಿಮ್ಮ ಅಪ್ಪನ ಬನಿಯನ್ ಹೇಳಿದ್ದು ಆ ಬೆವರನ್ನೇ. ಇನ್ನೊಂದು ಮಾತು. ರೋಗಿಗಳು "ನೋವು" ಅನ್ನುವುದೇ ಕಡಿಮೆ. ಭಾರ, ಹಿಂಡು, ಬಿಗಿ, ಉರಿ, ಏನೋ ಒಂಥರಾ, ಹೀಗೆಲ್ಲ ಹೇಳುತ್ತಾರೆ. ನಾವು "ನೋವಿದೆಯಾ" ಅಂತ ಕೇಳಿದರೆ ಪ್ರಾಮಾಣಿಕವಾಗಿ "ಇಲ್ಲ" ಅಂತಾರೆ!

ಇನ್ನು ಗಂಟೆ ಕೇಳಿದ್ದು ಯಾಕೆ ಅಂದರೆ, ಮುಂದಿನ ಚಿಕಿತ್ಸೆಯೆಲ್ಲ ಆ ಗಂಟೆಯ ಮೇಲೆ ನಿಂತಿರುತ್ತದೆ. ಹೃದಯ ಮೈಗೆಲ್ಲ ರಕ್ತ ತಳ್ಳುತ್ತದೆ ನಿಜ, ಆದರೆ ಅದರ ಸ್ವಂತ ಸ್ನಾಯುವಿಗೆ ರಕ್ತ ಕೊಡುವ ನಾಳಗಳು ಬೇರೆ. ಕೊರೊನರಿ ನಾಳಗಳು ಅಂತಾರಲ್ಲ, ಅವೇ. ಮಹಾಧಮನಿಯ ಬುಡದಲ್ಲಿ ಹುಟ್ಟಿ ಹೃದಯದ ಹೊರಮೈ ಮೇಲೆ ಬಳ್ಳಿಯ ಹಾಗೆ ಹಬ್ಬಿರುತ್ತವೆ. ದೊಡ್ಡವು ಅನ್ನುವವುಗಳ ಒಳ ಅಗಲವೇ ಮೂರು ನಾಲ್ಕು ಮಿಲಿಮೀಟರ್. ಆ ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಸೇರಿ ಗಂಟಾಗಿರುತ್ತದೆ, ಮೇಲೊಂದು ತೆಳು ಪೊರೆ ಇರುತ್ತದೆ. ಒಂದು ದಿನ ಪೊರೆ ಬಿರಿಯುತ್ತದೆ. ರಕ್ತಕ್ಕೆ ಅದು ಗಾಯದ ಹಾಗೆ ಕಾಣುತ್ತದೆ. ಗಾಯ ಕಂಡರೆ ಹೆಪ್ಪುಗಟ್ಟುವುದು ಅದರ ಗುಣ. ಬೆರಳು ಕೊಯ್ದಾಗ ನಮ್ಮನ್ನು ಉಳಿಸುವ ಅದೇ ಗುಣ ಇಲ್ಲಿ ನಾಳವನ್ನೇ ಮುಚ್ಚಿಬಿಡುತ್ತದೆ.

ಪೂರ್ತಿ ಮುಚ್ಚಿದರೆ ಸುಮಾರು ಅರ್ಧ ಗಂಟೆಯೊಳಗೆ ಸ್ನಾಯು ಸಾಯಲು ಶುರುವಾಗುತ್ತದೆ. ಒಳಪದರದಿಂದ ಹೊರಕ್ಕೆ, ಗಂಟೆ ಕಳೆದ ಹಾಗೆ ಹರಡುತ್ತದೆ. ಸತ್ತ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲ, ಆ ಜಾಗದಲ್ಲಿ ಕಲೆ ಕಟ್ಟುತ್ತದೆ. ಅದಕ್ಕೇ ಇಂಥ ಅಟ್ಯಾಕಿನಲ್ಲಿ ಆಸ್ಪತ್ರೆಯವರ ಕೈಗೆ ಸಿಕ್ಕ 90 ನಿಮಿಷದೊಳಗೆ ಬಲೂನ್ ಹಾಕಿ ನಾಳ ತೆರೆಯಬೇಕು ಅಂತ ಗುರಿ ಇಟ್ಟಿರುವುದು. ಆ ಸೌಕರ್ಯ ಎರಡು ಗಂಟೆಯೊಳಗೆ ಸಿಗದ ಕಡೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಅದೂ 12 ಗಂಟೆಯೊಳಗೆ. ಬೇಗ ಕೊಟ್ಟಷ್ಟೂ ಫಲ ಜಾಸ್ತಿ.

ಇಎಫ್ 40 ಅಂತ ಎದೆಗುಂದಬೇಡಿ. ಅಟ್ಯಾಕ್ ಆದ ಹೊಸದರಲ್ಲಿ ಸ್ನಾಯುವಿನ ಕೆಲವು ಭಾಗ ಸತ್ತಿರುವುದಿಲ್ಲ, ಮಂಕಾಗಿರುತ್ತದೆ ಅಷ್ಟೇ. ಕೆಲವು ವಾರದ ಮೇಲೆ ಮತ್ತೆ ಎಕೋ ಮಾಡುತ್ತಾರೆ. ಎಷ್ಟೋ ಜನರಲ್ಲಿ ಏರಿರುತ್ತದೆ.

ಗೂಬೆ

ಒಂಟಿಯಾಗಿದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮುತ್ತಾ ಇರಬೇಕು, ಆಗ ಹೃದಯ ನಿಲ್ಲಲ್ಲ ಅಂತ ಒಂದು ಮೆಸೇಜ್ ಬಂದಿತ್ತು. ಎಲ್ಲರಿಗೂ ಉಪಯೋಗ ಆಗಲಿ ಅಂತ ಹೇಳಿದೆ. ಹತ್ತು ಜನಕ್ಕೆ ಕಳಿಸಿದರೆ ಒಂದು ಜೀವ ಉಳಿಯುತ್ತದಂತೆ.

ಲೆಕ್ಕದ ಮೇಷ್ಟ್ರು

ಗೂಬೆ ಅವರೇ, ಹತ್ತು ಜನಕ್ಕೆ ಕಳಿಸಬೇಡಿ ದಯವಿಟ್ಟು. ಆ ಮೆಸೇಜಿಗೆ ನನ್ನ ಮೊಬೈಲ್‌ಗಿಂತ ಜಾಸ್ತಿ ವಯಸ್ಸಾಗಿದೆ.

ರಾತ್ರಿಪಾಳಿ

ಗೂಬೆ ಅವರನ್ನು ಬೈಯಬೇಡಿ ಮೇಷ್ಟ್ರೇ. ಅದರ ಹಿಂದೆ ಒಂದು ಎಳೆ ನಿಜ ಇದೆ, ಅದಕ್ಕೇ ಇಷ್ಟು ವರ್ಷ ಬದುಕಿದೆ. ಹೃದಯದ ನಾಳಗಳನ್ನು ನೋಡುವ ಆಂಜಿಯೋಗ್ರಾಮ್ ಮಾಡುವಾಗ ಕೆಲವೊಮ್ಮೆ ಹೃದಯದ ಲಯ ತಟ್ಟನೆ ಕೆಡುತ್ತದೆ. ರೋಗಿಗೆ ಎಚ್ಚರ ಇರುತ್ತದೆ, ಮಾನಿಟರ್ ಮುಂದಿರುತ್ತದೆ. ಆಗ ಡಾಕ್ಟರು "ಕೆಮ್ಮಿ, ಕೆಮ್ಮಿ" ಅಂತಾರೆ. ಕೆಮ್ಮಿದಾಗ ಎದೆಯ ಒತ್ತಡ ಏರಿ ಕೆಲವು ಸೆಕೆಂಡು ಮಿದುಳಿಗೆ ರಕ್ತ ಹೋಗುತ್ತದೆ. ಅಷ್ಟರಲ್ಲಿ ಅವರು ಶಾಕ್ ಯಂತ್ರ ಸಿದ್ಧ ಮಾಡಿಕೊಂಡಿರುತ್ತಾರೆ. ಆ ಕೋಣೆಯ ಉಪಾಯವನ್ನು ಯಾರೋ ಮನೆಗೆ ತಂದರು. ಮನೆಯಲ್ಲಿ ಕೆಮ್ಮುತ್ತಾ ಕೂತರೆ ಫೋನ್ ಮಾಡುವ ಹೊತ್ತು ಹಾಳು, ಅಷ್ಟೇ.

ಇನ್ನೊಂದು ಗೊಂದಲವೂ ಅದರೊಳಗೇ ಇದೆ. ಹಾರ್ಟ್ ಅಟ್ಯಾಕ್ ಬೇರೆ, ಹೃದಯ ನಿಂತುಹೋಗುವುದು ಬೇರೆ. ಮೊದಲನೆಯದು ನಲ್ಲಿ ಕಟ್ಟಿಕೊಂಡ ಹಾಗೆ. ಹೃದಯ ಬಡಿಯುತ್ತಲೇ ಇರುತ್ತದೆ, ಮನುಷ್ಯ ಮಾತಾಡುತ್ತಿರುತ್ತಾನೆ. ಎರಡನೆಯದು ಕರೆಂಟ್ ಕೆಟ್ಟ ಹಾಗೆ. ಅದರ ಹೆಸರು ಕಾರ್ಡಿಯಾಕ್ ಅರೆಸ್ಟ್. ಬಡಿತದ ಬದಲು ಬರೀ ಅದುರಾಟ, ರಕ್ತ ಮುಂದಕ್ಕೆ ಹೋಗುವುದೇ ಇಲ್ಲ. ಕೆಲವೇ ಸೆಕೆಂಡಿನಲ್ಲಿ ಪ್ರಜ್ಞೆ ಹೋಗುತ್ತದೆ. ಅಂಥವರು ಕೆಮ್ಮುವುದೆಲ್ಲಿಂದ ಬಂತು?

ಜಿಮ್ ಹುಡುಗ

ಫುಟ್ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್‌ಗೆ ಆಗಿದ್ದು ಎರಡನೆಯದೇ ಅಲ್ವಾ? 2021ರ ಜೂನ್‌ನಲ್ಲಿ ಡೆನ್ಮಾರ್ಕ್ ಫಿನ್‌ಲೆಂಡ್ ಪಂದ್ಯ. ಲೈವ್ ನೋಡ್ತಾ ಇದ್ದೆ. ಯಾರೂ ಮುಟ್ಟಲಿಲ್ಲ, ತಾನಾಗೇ ಕುಸಿದು ಬಿದ್ದ. ನನಗೆ 26. ಆಗಿನಿಂದ ಟ್ರೆಡ್‌ಮಿಲ್ ಮೇಲೆ ಎದೆ ಹೊಡೆದುಕೊಂಡರೆ ಭಯ ಆಗುತ್ತದೆ. ಜಿಮ್‌ಗೆ ಹೋಗುವವರೇ ಸಾಯ್ತಾರೆ ಅಂತ ಮನೆಯಲ್ಲೂ ಶುರು ಮಾಡಿದ್ದಾರೆ.

ರಾತ್ರಿಪಾಳಿ

ಹೌದು, ಅದು ಕಾರ್ಡಿಯಾಕ್ ಅರೆಸ್ಟ್. ಮೈದಾನದಲ್ಲೇ ಎದೆ ಒತ್ತಿದರು, ಅಲ್ಲೇ ಶಾಕ್ ಕೊಟ್ಟರು. ಆಮೇಲೆ ಎದೆಯೊಳಗೆ ಐಸಿಡಿ ಅನ್ನುವ, ಲಯ ಕೆಟ್ಟರೆ ತಾನೇ ಶಾಕ್ ಕೊಡುವ ಪುಟ್ಟ ಯಂತ್ರ ಕೂರಿಸಿಕೊಂಡು ಮುಂದಿನ ವರ್ಷವೇ ಮತ್ತೆ ಆಡಲು ಇಳಿದ. ಅವನನ್ನು ಉಳಿಸಿದ್ದು ಪಕ್ಕದಲ್ಲಿದ್ದವರು ಮೊದಲ ಕೆಲವು ನಿಮಿಷದಲ್ಲಿ ಮಾಡಿದ ಕೆಲಸ.

ನೀವು ವ್ಯಾಯಾಮ ಬಿಡಬೇಡಿ. ಬಿಟ್ಟವರಿಗೇ ಅಪಾಯ ಜಾಸ್ತಿ. ಆದರೆ ಕೆಲವರನ್ನು ಪರೀಕ್ಷೆ ಮಾಡದೆ ಬಿಡಬಾರದು: ಓಡುವಾಗ ತಲೆ ತಿರುಗಿ ಬಿದ್ದವರು, ಶ್ರಮಪಟ್ಟಾಗ ಎದೆ ಹಿಂಡುವವರು, ಹತ್ತಿರದ ಸಂಬಂಧದಲ್ಲಿ ಯಾರಾದರೂ ಚಿಕ್ಕ ವಯಸ್ಸಿಗೇ ಇದ್ದಕ್ಕಿದ್ದಂತೆ ಸತ್ತಿದ್ದರೆ ಅಂಥವರು. ಹೃದಯದ ಗೋಡೆ ಹುಟ್ಟಿನಿಂದ ಬಂದ ದೋಷದಿಂದ ದಪ್ಪ ಆಗುವ ಕಾಯಿಲೆ ಒಂದಿದೆ. ವಯಸ್ಸಿನ ಹುಡುಗರು ಆಡುತ್ತಾ ಬೀಳುವುದಕ್ಕೆ ಅದೂ ಒಂದು ಕಾರಣ. ಎಕೋದಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಜ್ವರ ಬಂದಾಗ ಮಾತ್ರ ಹಟಕ್ಕೆ ಬಿದ್ದು ಭಾರ ಎತ್ತಬೇಡಿ.

ಎರಡು ಸ್ಟೆಂಟ್

ಹೆಸರೇ ಹೇಳುತ್ತದೆ, ನಾನು ಈ ಕಡೆಯಿಂದ ಆ ಕಡೆಗೆ ಹೋಗಿ ಬಂದವನು. ಆಗ ವಯಸ್ಸು 48.

ನನಗೆ ಆದದ್ದು ಮಧ್ಯಾಹ್ನ, ಆಫೀಸಿನ ಮೀಟಿಂಗ್ ನಡುವೆ. ಮೊದಲು ದವಡೆ. ಹಲ್ಲುನೋವಲ್ಲ. ಎರಡೂ ಕಡೆ ದವಡೆಯನ್ನು ಯಾರೋ ಒಳಗಿನಿಂದ ಬಿಗಿ ಹಿಡಿದ ಹಾಗೆ. ಆಮೇಲೆ ಎದೆ ಮೇಲೆ ಒಂದು ಅಗಲವಾದ ಪಟ್ಟಿ ಕಟ್ಟಿ ಎಳೆದ ಹಾಗೆ. ಆಮೇಲೆ ವಿಚಿತ್ರವಾದ ಒಂದು ಭಾವನೆ ಬಂತು, ಅದನ್ನು ಹೇಗೆ ಹೇಳಲಿ? "ಇದು ಸರಿಯಿಲ್ಲ" ಅಂತ ಮೈಯೇ ಹೇಳುತ್ತಿತ್ತು. ಆದರೆ ಬಾಯಿ ಮಾತ್ರ "ಒಂದ್ನಿಮಿಷ, ಬಂದೆ" ಅಂತ ನಗುನಗುತ್ತಾ ಹೇಳಿ ಎದ್ದಿತು. ನಾಚಿಕೆ ಸ್ವಾಮಿ, ನಾಚಿಕೆ! ಎಲ್ಲರ ಮುಂದೆ ಆಂಬುಲೆನ್ಸ್ ಕರೆಸಿ ಕೊನೆಗೆ ಗ್ಯಾಸ್ ಅಂತಾದರೆ ಎಷ್ಟು ನಗೆಪಾಟಲು ಅಂತ. ನಾನೇ ಕಾರ್ ಓಡಿಸಿಕೊಂಡು ಹೋದೆ. ಈಗ ನೆನೆಸಿಕೊಂಡರೆ ನನ್ನದಲ್ಲ, ರಸ್ತೆಯಲ್ಲಿದ್ದ ಬೇರೆಯವರ ಜೀವ ನೆನೆದು ನಡುಕ ಬರುತ್ತದೆ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಎರಡು ತಿಂಗಳ ಹಿಂದಷ್ಟೇ ಟ್ರೆಡ್‌ಮಿಲ್ ಟೆಸ್ಟ್ ಮಾಡಿಸಿದ್ದೆ. ನಾರ್ಮಲ್. ಆ ಕಾಗದ ಫೈಲ್‌ನಲ್ಲಿ ಇನ್ನೂ ಇದೆ. ಹೃದಯದ ಡಾಕ್ಟರ ಹತ್ತಿರ ಜಗಳಕ್ಕೇ ನಿಂತೆ. ಅವರು ಒಂದು ಹಾಳೆ ತಗೊಂಡು ಎರಡು ಕೊಳವೆ ಬರೆದರು. ಒಂದರಲ್ಲಿ ನೂರಕ್ಕೆ 80 ಮುಚ್ಚಿದ ಗಟ್ಟಿ ಗಂಟು. ಇನ್ನೊಂದರಲ್ಲಿ 40 ಮುಚ್ಚಿದ ಮೆತ್ತನೆಯ ಗಂಟು. "ಟ್ರೆಡ್‌ಮಿಲ್ ಮೊದಲನೆಯದನ್ನು ಹಿಡಿಯುತ್ತದೆ, ಯಾಕಂದರೆ ಓಡುವಾಗ ರಕ್ತ ಸಾಲುವುದಿಲ್ಲ. ಎರಡನೆಯದರಲ್ಲಿ ರಕ್ತ ಆರಾಮಾಗಿ ಹರಿಯುತ್ತದೆ. ಆದರೆ ಬಿರಿಯುವುದು ಎಷ್ಟೋ ಸಲ ಅದೇ" ಅಂದರು. ನಾರ್ಮಲ್ ಅಂತ ಬಂದ ಟೆಸ್ಟ್, ಆ ದಿನ ಓಡುವಾಗ ರಕ್ತ ಸಾಕಾಗಿತ್ತು ಅಂತ ಮಾತ್ರ ಹೇಳಿತ್ತು. ನಾನು ಅದನ್ನು ಲೈಸೆನ್ಸ್ ಅಂದುಕೊಂಡು ಸಿಗರೇಟ್ ಮುಂದುವರಿಸಿದ್ದೆ.

ಕನ್ನಡಕ

ನಮ್ಮ ಅತ್ತೆಗೆ ಎದೆಯಲ್ಲಿ ಏನೂ ಆಗಲೇ ಇಲ್ಲ. 20 ವರ್ಷದ ಸಕ್ಕರೆ ಕಾಯಿಲೆ. ಎರಡು ದಿನ "ಸುಸ್ತು ಕಣೇ, ಬಟ್ಟೆ ಮಡಚಲೂ ಆಗ್ತಿಲ್ಲ" ಅನ್ನುತ್ತಿದ್ದರು. ಮೆಟ್ಟಿಲ ಮಧ್ಯೆ ನಿಂತು ಉಸಿರು ತಗೊಳ್ಳುತ್ತಿದ್ದರು. ತೋರಿಸಿದ ಕಡೆ ವಯಸ್ಸಾಯ್ತು, ನಿದ್ದೆ ಕಡಿಮೆ ಅಂತ ವಿಟಮಿನ್ ಬರೆದುಕೊಟ್ಟರು. ಇಸಿಜಿ ತೆಗೆಯಲಿಲ್ಲ. ಮೂರನೇ ದಿನ ಬೇರೆ ಕಡೆ ಗೊತ್ತಾಯಿತು. ಗಂಡಸರು ಎದೆ ಹಿಡಿದರೆ ಎಲ್ಲರೂ ಓಡುತ್ತಾರೆ. ಹೆಂಗಸು ಸುಸ್ತು ಅಂದರೆ "ಮಲಕ್ಕೋ" ಅಂತಾರೆ. ಇದು ನನಗಿನ್ನೂ ಆರದ ಕೋಪ.

ರಾತ್ರಿಪಾಳಿ

ನಿಮ್ಮ ಕೋಪಕ್ಕೆ ಅರ್ಥ ಇದೆ ಅಕ್ಕ. ಸಕ್ಕರೆ ಕಾಯಿಲೆ ಹಳೆಯದಾದರೆ ನೋವು ಸಾಗಿಸುವ ನರಗಳೇ ಮಂಕಾಗಿರುತ್ತವೆ. ವಯಸ್ಸಾದವರಲ್ಲೂ, ಹೆಂಗಸರಲ್ಲೂ ಉಸಿರುಗಟ್ಟುವುದು, ವಾಕರಿಕೆ, ವಿಪರೀತ ಸುಸ್ತು ಮುಂದೆ ಬಂದು ಎದೆಯ ಸಂಕಟ ಹಿಂದೆ ಉಳಿಯುವುದು ಜಾಸ್ತಿ. ನಿನ್ನೆವರೆಗೆ ಸರಾಗವಾಗಿ ಹತ್ತುತ್ತಿದ್ದ ಮೆಟ್ಟಿಲು ಇವತ್ತು ಆಗುತ್ತಿಲ್ಲ ಅಂದರೆ ಅದೇ ಲಕ್ಷಣ ಅಂತ ಹಿಡಿಯಿರಿ. ಇಸಿಜಿ ತೆಗೆಯಿರಿ ಅಂತ ನೀವೇ ಬಾಯಿಬಿಟ್ಟು ಕೇಳಬಹುದು.

ಮೊದಲ ಇಸಿಜಿ ನಾರ್ಮಲ್ ಬಂತು ಅಂತ ಎದ್ದು ಬರಲೂಬೇಡಿ. ಸಂಕಟ ಹಾಗೇ ಇದ್ದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆಯಬೇಕು. ಟ್ರೋಪೋನಿನ್ ಅನ್ನುವ ರಕ್ತಪರೀಕ್ಷೆಯೂ ಅಷ್ಟೇ. ಸ್ನಾಯು ಪೆಟ್ಟು ತಿಂದು ಕೆಲವು ಗಂಟೆ ಆದ ಮೇಲೇ ಅದು ರಕ್ತದಲ್ಲಿ ಚೆನ್ನಾಗಿ ಏರುವುದು. ಅದಕ್ಕೇ ಎರಡು ಸಲ ತೆಗೆಯುವುದು. ಜನ ಇದನ್ನು ಬಿಲ್ ಏರಿಸುವ ಉಪಾಯ ಅಂದುಕೊಂಡು ಜಗಳ ಆಡುತ್ತಾರೆ.

ಹಳೆ ಸೈಕಲ್

ಮನೆಯಲ್ಲಿ ಮಾತ್ರೆ ಇಟ್ಟುಕೊಳ್ಳಬೇಕು ಅಂತಾರಲ್ಲ, ಯಾವುದು? ನಾಲಿಗೆ ಕೆಳಗೆ ಇಡುವುದೋ, ಆಸ್ಪಿರಿನ್ನೋ? ನಮ್ಮ ಮನೆಯಲ್ಲಿ ಎರಡೂ ಇವೆ, ಯಾವುದು ಯಾವಾಗ ಅಂತ ಒಬ್ಬರಿಗೂ ಗೊತ್ತಿಲ್ಲ.

ರಾತ್ರಿಪಾಳಿ

ಮೊದಲು ಫೋನ್, ಆಮೇಲೆ ಮಾತ್ರೆ. ಈ ಸಾಲು ತಿರುಗುಮುರುಗು ಆಗಬಾರದು.

ಆಸ್ಪಿರಿನ್ ಹೆಪ್ಪು ಇನ್ನಷ್ಟು ಬೆಳೆಯದ ಹಾಗೆ ತಡೆಯುತ್ತದೆ. ಅಟ್ಯಾಕ್ ಅನುಮಾನ ಬಂದರೆ 300 ಮಿಲಿಗ್ರಾಂ, ಅಗಿದು ನುಂಗಬೇಕು. ಹಾಗೇ ನುಂಗಿದರೆ ಕೆಲಸ ಶುರುವಾಗುವುದು ನಿಧಾನ. 1988ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ, ಐಸಿಸ್-2 ಅಂತ, 17 ಸಾವಿರ ಜನರ ಮೇಲೆ ಮಾಡಿದ್ದು. ಅಗ್ಗದ ಆಸ್ಪಿರಿನ್ ಒಂದೇ ಸಾವನ್ನು ನೂರಕ್ಕೆ 23ರಷ್ಟು ಇಳಿಸಿತು ಅಂತ ಅದರಲ್ಲಿ ಗೊತ್ತಾಯಿತು. ಆದರೆ ಆಸ್ಪಿರಿನ್ ಅಲರ್ಜಿ ಇರುವವರು, ಹೊಟ್ಟೆಹುಣ್ಣಿಂದ ರಕ್ತ ಹೋಗುತ್ತಿರುವವರು ತಗೊಳ್ಳಬಾರದು. ಬಾಯಿ ಸೊಟ್ಟಗಾಗಿದೆ, ಒಂದು ಕೈ ಬಿದ್ದುಹೋಗಿದೆ, ಮಾತು ತೊದಲುತ್ತಿದೆ ಅಂದರೆ ಅದು ಪಾರ್ಶ್ವವಾಯು. ಅಲ್ಲಿ ಮನೆಯಲ್ಲಿ ಕೊಡಲೇಬಾರದು. ಮಿದುಳಲ್ಲಿ ರಕ್ತ ಸೋರುತ್ತಿದ್ದರೆ ಇನ್ನೂ ಕೆಡುತ್ತದೆ. ಅನುಮಾನ ಇದ್ದರೆ ಫೋನ್‌ನಲ್ಲಿರುವ ಆಂಬುಲೆನ್ಸ್‌ನವರನ್ನೇ ಕೇಳಿ.

ನಾಲಿಗೆ ಕೆಳಗಿನದು ಬೇರೆ ಜಾತಿ. ನಾಳ ಸಡಿಲ ಮಾಡುತ್ತದೆ, ಜೊತೆಗೆ ಬಿಪಿಯನ್ನೂ ಇಳಿಸುತ್ತದೆ. ಬಿಪಿ ಮೊದಲೇ ಇಳಿದಿದ್ದರೆ ಅದು ರೋಗಿಯನ್ನು ನೆಲಕ್ಕೆ ಬೀಳಿಸುತ್ತದೆ. ಲೈಂಗಿಕ ಶಕ್ತಿಗೆ ಅಂತ ಸಿಲ್ಡೆನಾಫಿಲ್ ತರಹದ ಮಾತ್ರೆ ತಗೊಂಡವರಿಗಂತೂ ನಿಜಕ್ಕೂ ಪ್ರಾಣಾಪಾಯ. ಹೆಂಡತಿ ಮಕ್ಕಳ ಮುಂದೆ ಇದನ್ನು ಯಾರೂ ಹೇಳುವುದಿಲ್ಲ. ಅದಕ್ಕೇ ನಾವು ಎಲ್ಲರನ್ನೂ ಹೊರಗೆ ಕಳಿಸಿ ಕೇಳುವುದು. ಯಾರಿಗೆ ಬರೆದುಕೊಟ್ಟಿದ್ದಾರೋ ಅವರಿಗೆ ಮಾತ್ರ ಆ ಮಾತ್ರೆ. ಪಕ್ಕದ ಮನೆಯವರದ್ದು ತಂದು ಇಡುವುದಲ್ಲ.

ಗೂಬೆ

ಹಾಗಾದರೆ ದಿನಾ ಒಂದು ಆಸ್ಪಿರಿನ್ ತಗೊಂಡರೆ ಯಾವ ಚಿಂತೆಯೂ ಇಲ್ಲ ಅಲ್ವಾ?

ಲೆಕ್ಕದ ಮೇಷ್ಟ್ರು

ಅಲ್ಲ! ಅಟ್ಯಾಕ್ ಆದವರಿಗೆ, ಸ್ಟೆಂಟ್ ಇರುವವರಿಗೆ ಅದು ಬೇಕೇ ಬೇಕು. ಏನೂ ಆಗದ ವಯಸ್ಸಾದವರು ಸುಮ್ನೆ ಹೊಸದಾಗಿ ಶುರು ಮಾಡಿದರೆ ರಕ್ತಸ್ರಾವದ ನಷ್ಟವೇ ಜಾಸ್ತಿ. 2018ರಲ್ಲಿ ಬಂದ ಅಧ್ಯಯನಗಳ ಮೇಲೆ ಡಾಕ್ಟರುಗಳ ಸಲಹೆಯೇ ಬದಲಾಗಿದೆ.

ನನ್ನದು ಅಟ್ಯಾಕ್ ಕತೆ ಅಲ್ಲ. ಬಿಪಿ ಮತ್ತು ಕೊಲೆಸ್ಟ್ರಾಲ್ ಎರಡರ ಗೆಳೆತನ 15 ವರ್ಷದಿಂದ ಇದೆ, ಅಷ್ಟೇ. ನೋಟ್‌ಬುಕ್‌ನಲ್ಲಿ ಎಲ್ಲ ಬರೆದಿಟ್ಟಿದ್ದೇನೆ. ಬಿಪಿ ಬಗ್ಗೆ ಒಂದು ಮಾತು. ಮೆಟ್ಟಿಲು ಹತ್ತಿ ಬಂದು, ಕಾಲ ಮೇಲೆ ಕಾಲು ಹಾಕಿಕೊಂಡು, ಹರಟುತ್ತಾ ನೋಡಿಸಿಕೊಂಡ ಬಿಪಿ ಲೆಕ್ಕಕ್ಕಿಲ್ಲ. ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ, ಎರಡೂ ಪಾದ ನೆಲದ ಮೇಲೆ, ತೋಳು ಹೃದಯದ ಎತ್ತರದಲ್ಲಿ. ಮೂತ್ರ ಕಟ್ಟಿಕೊಂಡು ಕೂರಬಾರದು. ನಾನು ಮಾತಾಡುತ್ತಾ ನೋಡಿಕೊಂಡಾಗ 148, ಬಾಯಿ ಮುಚ್ಚಿ ನೋಡಿಕೊಂಡಾಗ 136. ಹೆಂಡತಿಗೆ ಈ ಲೆಕ್ಕ ಬಹಳ ಇಷ್ಟವಾಯಿತು.

ಹಳೆ ಸೈಕಲ್

ಮೇಷ್ಟ್ರೇ, ಕೊಲೆಸ್ಟ್ರಾಲ್ ಮಾತ್ರೆ ಬಗ್ಗೆ ನನಗೆ ನಂಬಿಕೆ ಇಲ್ಲ. ಸ್ಟಾಟಿನ್ ಶುರು ಮಾಡಿ ಎರಡೇ ವಾರಕ್ಕೆ ತೊಡೆ ನೋವು ಬಂತು, ಬಿಟ್ಟೆ. ಎಲ್ಲ ಕಂಪನಿಗಳ ಆಟ. ನೈಸರ್ಗಿಕವಾಗಿ ಇಳಿಸಬೇಕು.

ಲೆಕ್ಕದ ಮೇಷ್ಟ್ರು

ನೈಸರ್ಗಿಕ ಅಂತ ನೀವೇ ಅಂದಿರಿ ಅಂತ ಹೇಳುತ್ತೇನೆ. ಸ್ಟಾಟಿನ್ ಮೊದಲು ಸಿಕ್ಕಿದ್ದು ಬೂಷ್ಟಿನಲ್ಲಿ. ಜಪಾನಿನ ಅಕಿರಾ ಎಂಡೊ 1970ರ ದಶಕದಲ್ಲಿ ಸಾವಿರಾರು ಬೂಷ್ಟುಗಳನ್ನು ಒಂದೊಂದಾಗಿ ಸೋಸಿ, ಪೆನಿಸಿಲಿಯಂ ಜಾತಿಯ ಒಂದರಲ್ಲಿ ಇದನ್ನು ಕಂಡುಹಿಡಿದರು. 1987ರಲ್ಲಿ ಮೊದಲ ಸ್ಟಾಟಿನ್ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ತೊಡೆ ನೋವು ಸುಳ್ಳು ಅಂತ ನಾನು ಹೇಳಲ್ಲ. ಆದರೆ 2020ರಲ್ಲಿ ಒಂದು ಚೆಂದದ ಪ್ರಯೋಗದ ಫಲ ಬಂತು. ತೊಂದರೆ ಆಗುತ್ತದೆ ಅಂತ ಸ್ಟಾಟಿನ್ ಬಿಟ್ಟಿದ್ದ 60 ಜನರನ್ನೇ ಹಿಡಿದರು. ಒಬ್ಬೊಬ್ಬರಿಗೂ 12 ಬಾಟಲ್, ತಿಂಗಳಿಗೊಂದು. ನಾಲ್ಕರಲ್ಲಿ ಸ್ಟಾಟಿನ್, ನಾಲ್ಕರಲ್ಲಿ ಬರೀ ಹುಸಿ ಮಾತ್ರೆ, ನಾಲ್ಕು ಖಾಲಿ. ದಿನಾ ಎಷ್ಟು ತೊಂದರೆ ಅಂತ ಫೋನ್‌ನಲ್ಲಿ ಅಂಕ ಹಾಕಬೇಕು. ಸ್ಟಾಟಿನ್ ತಗೊಂಡಾಗ ಆದ ತೊಂದರೆಯಲ್ಲಿ ನೂರಕ್ಕೆ 90 ಪಾಲು ಹುಸಿ ಮಾತ್ರೆಯಲ್ಲೂ ಆಗಿತ್ತು! ನೋವು ನಿಜ, ಆದರೆ ಬಹುಪಾಲು ಅದಕ್ಕೆ ಸ್ಟಾಟಿನ್ ಕಾರಣ ಅಲ್ಲ. ತಮ್ಮದೇ ಅಂಕ ನೋಡಿದ ಮೇಲೆ ಅರ್ಧದಷ್ಟು ಜನ ಮತ್ತೆ ಶುರು ಮಾಡಿದರು.

ಒಬ್ಬೊಬ್ಬರಿಗೆ ನಿಜವಾಗಿಯೂ ಸ್ನಾಯುವಿಗೆ ಆಗಿಬರುವುದಿಲ್ಲ. ಅಂಥವರಿಗೆ ಪ್ರಮಾಣ ಇಳಿಸುತ್ತಾರೆ, ಬೇರೆ ಸ್ಟಾಟಿನ್ ಕೊಡುತ್ತಾರೆ, ಬೇರೆ ಔಷಧವೂ ಇದೆ. ಹೇಳದೆ ಬಿಡುವುದು ಬೇಡ ಸೈಕಲ್ ಅವರೇ. ನಿಮ್ಮ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಎಷ್ಟು?

ಹಳೆ ಸೈಕಲ್

178.

ಲೆಕ್ಕದ ಮೇಷ್ಟ್ರು

178ಕ್ಕೆ ಹೊಟ್ಟೆ ಕಟ್ಟುವುದೊಂದರಿಂದ ಆಗಲ್ಲ. ಆಹಾರ ಬದಲಿಸಿದರೆ ಸ್ವಲ್ಪ ಇಳಿಯುತ್ತದೆ, ಬದಲಿಸಲೇಬೇಕು. ಆದರೆ ಬಹುಪಾಲು ಕೊಲೆಸ್ಟ್ರಾಲನ್ನು ಲಿವರ್ ತಾನೇ ಮಾಡುತ್ತದೆ. ನಮ್ಮ ಅಟ್ಯಾಕ್ ಆದ ಗೆಳೆಯರಿಗೆ ಎಲ್‌ಡಿಎಲ್ 70ರ ಕೆಳಗೆ, ಸಾಧ್ಯವಾದರೆ 55ರ ಕೆಳಗೆ ಅಂತ ಗುರಿ ಇಡುತ್ತಾರೆ. ಮನೆತನದಲ್ಲೇ ಚಿಕ್ಕ ವಯಸ್ಸಿಗೆ ಅಟ್ಯಾಕ್ ಇದ್ದರೆ ಲಿಪೊಪ್ರೋಟೀನ್-ಎ ಅನ್ನುವ ಪರೀಕ್ಷೆ ಜೀವನದಲ್ಲಿ ಒಂದು ಸಲ ಮಾಡಿಸಿ. ಅದು ಹುಟ್ಟಿನಿಂದ ಬರುವುದು, ಮಾಮೂಲಿ ಕೊಲೆಸ್ಟ್ರಾಲ್ ರಿಪೋರ್ಟಿನಲ್ಲಿ ಕಾಣಲ್ಲ.

ಜಿಮ್ ಹುಡುಗ

ದಿನಕ್ಕೆ ಒಂದೇ ಒಂದು ಸಿಗರೇಟ್. ಅದಕ್ಕೇನೂ ಆಗಲ್ಲ ತಾನೇ?

ಎರಡು ಸ್ಟೆಂಟ್

ತಮ್ಮಾ, ಇದೇ ಪ್ರಶ್ನೆ ನಾನೂ ಕೇಳಿದ್ದೆ. ಇಪ್ಪತ್ತರಿಂದ ಒಂದಕ್ಕೆ ಇಳಿಸಿದರೆ ಅಪಾಯವೂ ಇಪ್ಪತ್ತನೇ ಒಂದು ಪಾಲಿಗೆ ಇಳಿಯಬೇಕಲ್ಲ? ಇಳಿಯಲ್ಲ. 2018ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ದಿನಕ್ಕೆ ಇಪ್ಪತ್ತು ಸೇದುವವರ ಹೆಚ್ಚುವರಿ ಹೃದಯದ ಅಪಾಯದಲ್ಲಿ ಸುಮಾರು ಅರ್ಧದಷ್ಟು ಆ ಒಂದೇ ಸಿಗರೇಟಿಗೆ ಬರುತ್ತದೆ. ಶ್ವಾಸಕೋಶದ ಲೆಕ್ಕ ಬೇರೆ, ಹೃದಯದ ಲೆಕ್ಕ ಬೇರೆ. ಪೂರ್ತಿ ಬಿಟ್ಟರೆ ಮಾತ್ರ ಒಂದು ವರ್ಷದಲ್ಲಿ ಆ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಈ ಕಾಯಿಲೆಯಲ್ಲಿ ಇಷ್ಟು ಬೇಗ ಫಲ ಕೊಡುವ ಕೆಲಸ ಇನ್ನೊಂದನ್ನು ನಾನು ಕಾಣೆ.

ಮಳೆಹನಿ

ಎಲ್ಲ ಓದಿದೆ. ಮೂರು ಸಲ ಓದಿದೆ. ಟವೆಲ್ ವಿಷಯ ಯಾರೂ ಬೈಯಲಿಲ್ಲ, ಅದಕ್ಕೆ ಥ್ಯಾಂಕ್ಸ್.

ಅಪ್ಪ ಈಗ ಬೇರೆಯೇ ಮನುಷ್ಯ ಆಗಿದ್ದಾರೆ. ಮಾತಿಲ್ಲ. ಬಾತ್‌ರೂಮಿಗೆ ಹೋದರೂ ನಾಡಿ ಹಿಡಿದು ನೋಡಿಕೊಳ್ಳುತ್ತಾರೆ. ನಿನ್ನೆ ರಾತ್ರಿ "ಲೈಟ್ ಆರಿಸಬೇಡ" ಅಂದರು. 61 ವರ್ಷದ ಮನುಷ್ಯ. ಏನು ಹೇಳಬೇಕೋ ಗೊತ್ತಾಗಲಿಲ್ಲ.

ಎರಡು ಸ್ಟೆಂಟ್

ಇದು ನನಗೂ ಆಗಿತ್ತು. ನಾಲ್ಕು ತಿಂಗಳು. ಎದೆಯಲ್ಲಿ ಸೂಜಿ ಚುಚ್ಚಿದ ಹಾಗಾದರೂ ಸತ್ತೆ ಅನ್ನಿಸುತ್ತಿತ್ತು. ಅದು ಹೇಡಿತನ ಅಲ್ಲ, ಅಟ್ಯಾಕ್ ಆದವರಲ್ಲಿ ಖಿನ್ನತೆ ತುಂಬಾ ಸಾಮಾನ್ಯ. ಡಾಕ್ಟರಿಗೆ ಹೇಳಿ. ಅದಕ್ಕೂ ಔಷಧ ಇದೆ, ಮಾತಾಡಿಸುವವರೂ ಇದ್ದಾರೆ. ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಹೃದಯ ರೋಗಿಗಳಿಗೆ ಚೇತರಿಕೆಯ ತರಬೇತಿ, ಎಲ್ಲಾದರೂ ಸಿಕ್ಕರೆ ಸೇರಿಸಿಬಿಡಿ. ನನಗೆ ಧೈರ್ಯ ಬಂದದ್ದು ಅಲ್ಲೇ. ಮಾನಿಟರ್ ಕಟ್ಟಿ ನಡೆಸುತ್ತಾರೆ. ನನ್ನ ಹೃದಯ 110ಕ್ಕೆ ಹೋಗಿ ಏನೂ ಆಗದೆ ವಾಪಸ್ ಬಂದದ್ದನ್ನು ಪರದೆಯ ಮೇಲೆ ನಾನೇ ನೋಡಿದೆ. ಆ ದಿನ ರಾತ್ರಿ ಲೈಟ್ ಆರಿಸಿ ಮಲಗಿದೆ.

ಒಂದು ವಿಷಯ ಮಾತ್ರ ಕಟ್ಟುನಿಟ್ಟು. ರಕ್ತ ತೆಳು ಮಾಡುವ ಎರಡು ಮಾತ್ರೆ ಕೊಟ್ಟಿರುತ್ತಾರೆ, ಸಾಮಾನ್ಯವಾಗಿ ಒಂದು ವರ್ಷ. ಹಲ್ಲು ಕೀಳಿಸುವುದಕ್ಕೋ, ಯಾರೋ ಹೇಳಿದರು ಅಂತಲೋ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ನನ್ನ ಪಕ್ಕದ ಬೆಡ್‌ನಲ್ಲಿದ್ದವರು ಹಾಗೇ ಎರಡನೇ ಸಲ ಬಂದಿದ್ದರು.

ಕನ್ನಡಕ

ಎದೆ ಒತ್ತುವುದನ್ನು ಯಾರಾದರೂ ಸರಳವಾಗಿ ಹೇಳುತ್ತೀರಾ? ಮನೆಯಲ್ಲಿ ಎಲ್ಲರಿಗೂ ಕಲಿಸಬೇಕು.

ರಾತ್ರಿಪಾಳಿ

ಕೂಗಿದರೆ, ಭುಜ ಅಲ್ಲಾಡಿಸಿದರೆ ಓಗೊಡುತ್ತಿಲ್ಲ, ಉಸಿರಾಡುತ್ತಿಲ್ಲ ಅಥವಾ ಆಗೊಮ್ಮೆ ಈಗೊಮ್ಮೆ ಏದುಸಿರು ಎಳೆಯುತ್ತಿದ್ದಾರೆ. ಆ ಏದುಸಿರು ಉಸಿರಲ್ಲ, ಮೋಸ ಹೋಗಬೇಡಿ. ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿ. ಹಾಸಿಗೆ ಮೇಲಲ್ಲ, ಗಟ್ಟಿ ನೆಲದ ಮೇಲೆ ಮಲಗಿಸಿ. ಎದೆ ನಡುವೆ ಒಂದು ಅಂಗೈಯ ಬುಡ, ಮೇಲೆ ಇನ್ನೊಂದು ಕೈ. ಮೊಣಕೈ ಮಡಚದೆ, ನಿಮ್ಮ ಮೈಭಾರ ಹಾಕಿ ಐದಾರು ಸೆಂಟಿಮೀಟರ್ ಒತ್ತಬೇಕು. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಿ. ನಿಮಿಷಕ್ಕೆ 100ರಿಂದ 120. ಸೆಕೆಂಡಿಗೆ ಎರಡು ಅಂದುಕೊಳ್ಳಿ. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಗೊತ್ತಿಲ್ಲದಿದ್ದರೆ ಬರೀ ಒತ್ತಿದರೂ ಸರಿ. ಪಕ್ಕೆಲುಬು ಲಟ್ ಅಂದರೂ ನಿಲ್ಲಿಸಬೇಡಿ. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಇನ್ನೊಬ್ಬರು ಹಿಡಿಯಬೇಕು. ಒಂದೊಂದು ನಿಮಿಷ ಸುಮ್ನೆ ನಿಂತರೂ ಬದುಕುವ ಅವಕಾಶ ನೂರಕ್ಕೆ ಏಳರಿಂದ ಹತ್ತರಷ್ಟು ಕಡಿಮೆಯಾಗುತ್ತಾ ಹೋಗುತ್ತದೆ.

ಓದಿ ಬರುವುದಲ್ಲ ಇದು. ಗೊಂಬೆಯ ಮೇಲೆ ಒಂದು ಸಲ ಒತ್ತಿ ನೋಡಿ. ಎಷ್ಟು ಜೋರು ಬೇಕು ಅಂತ ಗೊತ್ತಾದಾಗ ಎಲ್ಲರೂ ಹೌಹಾರುತ್ತಾರೆ.

ಮಳೆಹನಿ

ಇವತ್ತು ನಾನು, ಅಮ್ಮ, ಅಪ್ಪ ಮೂವರೂ ಕೂತು ಒಂದು ಚೀಟಿ ಬರೆದೆವು. ಬಾಗಿಲ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಆಂಬುಲೆನ್ಸ್ ನಂಬರ್. ಮನೆ ವಿಳಾಸ, ಗಾಬರಿಯಲ್ಲಿ ಅದೇ ಮರೆತುಹೋಗುತ್ತದಂತೆ. ಅಪ್ಪನ ಮಾತ್ರೆಗಳ ಪಟ್ಟಿ. "ಶುರುವಾದ ಗಂಟೆ" ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದೇವೆ. ಹೋಗುವುದೋ ಬೇಡವೋ ಅಂತ ಅಪ್ಪನನ್ನು ಕೇಳುವುದಿಲ್ಲ, ಅಮ್ಮ ಹೇಳಿದ್ದೇ ಕೊನೆ ಮಾತು ಅಂತ ಅಪ್ಪನೇ ಒಪ್ಪಿಕೊಂಡಿದ್ದಾರೆ.

ರಾತ್ರಿಪಾಳಿ

ಚೆನ್ನಾಗಿದೆ. ಅಲರ್ಜಿ ಇದ್ದರೆ ಒಂದು ಸಾಲು ಸೇರಿಸಿ. ಸ್ಟೆಂಟ್ ಹಾಕಿದ ತಾರೀಕೂ ಇರಲಿ. ಹಳೆಯ ಇಸಿಜಿಯ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಹೊಸದರ ಪಕ್ಕ ಇಟ್ಟು ನೋಡಲು ನಮಗೆ ತುಂಬಾ ಸಹಾಯ. ಆಂಬುಲೆನ್ಸ್ ಬರುವ ಮೊದಲೇ ಬಾಗಿಲು ತೆಗೆದು ಹೊರಗಿನ ಲೈಟ್ ಹಾಕಿಡಿ.

ಮಳೆಹನಿ

ಎಲ್ಲ ಸೇರಿಸಿದೆ. ಈಗ ನೋಡಿದರೆ ಕೊನೆಯಲ್ಲಿ ಅಪ್ಪ ಪೆನ್ಸಿಲ್‌ನಲ್ಲಿ ತಾವೇ ಒಂದು ಸಾಲು ಬರೆದಿದ್ದಾರೆ: "ಚಿಲಕ ಬಿಗಿ ಇದೆ, ಮೇಲಕ್ಕೆ ಎತ್ತಿ ಎಳೆಯಬೇಕು."